ಅಕ್ಕೋರು ಮತ್ತು ಬೆಂಡೆಯ ಲೋಳೆ

ಅವರ ಬಲಗೈ ಹೆಬ್ಬೆರಳಿನ ಉಗುರು ವರ್ಷವಿಡೀ ಹಸಿರುಗಪ್ಪು. ಬೆಂಡೆಕಾಯಿಯ ತುದಿಯನ್ನು ಆ ಉಗುರಿನಿಂದ ಒತ್ತಿ ಪಟ್ಟನೆ ಮುರಿದು, ಸದ್ದು ಕೇಳಿದ ಮೇಲೆಯೇ ಚೀಲಕ್ಕೆ ಹಾಕುತ್ತಿದ್ದರು. ಸದ್ದು ಬಾರದ ಕಾಯಿ ಅವರ ಪಾಲಿಗೆ ತರಕಾರಿಯೇ ಅಲ್ಲ.

ಬಾಗಲಕೋಟೆ ಕಡೆಯಿಂದ ಅಲೆವೂರಿನ ಸಮೀಪದ ಸರ್ಕಾರಿ ಶಾಲೆಗೆ ಬಂದ ಶಿಕ್ಷಕಿ ಅವರು. ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು, ಮದುವೆಯಾಗಿರಲಿಲ್ಲ. "ನಮ್ಮ ಕಡೆ ಟೀಚರ್ ಅನ್ನೂದಿಲ್ರಿ, ಅಕ್ಕೋರು ಅಂತಾರ" ಎಂದು ಬಂದ ಹೊಸತರಲ್ಲೇ ಹೇಳಿದ್ದರಿಂದ ಇಡೀ ಬೀದಿಗೆ ಅಕ್ಕೋರಾದರು. ನನ್ನ ಅಮ್ಮ ಮಲ್ಪೆಯಿಂದ ಮೀನು ತಂದು ಮನೆಮನೆಗೆ ಮಾರುವವರು. ನಮ್ಮ ಮನೆಮಾತು ತುಳು. ಅಕ್ಕೋರ ಜೊತೆ ಮಾತ್ರ ಅಮ್ಮ ತಮ್ಮ ಶಾಲೆಯ ಕನ್ನಡವನ್ನು ಪೆಟ್ಟಿಗೆಯಿಂದ ತೆಗೆದ ಸೀರೆಯಂತೆ ಜಾಗ್ರತೆಯಿಂದ ಬಳಸುತ್ತಿದ್ದರು.

ಮೊದಲ ಮಳೆಗಾಲದಲ್ಲಿ ಇಬ್ಬರೂ ಒಟ್ಟಿಗೆ ಉಡುಪಿಯ ತರಕಾರಿ ಮಾರುಕಟ್ಟೆಗೆ ಹೋಗಿದ್ದರು. ಅಲ್ಲಿ ನಮ್ಮೂರ ಬಿಳಿ ಬೆಂಡೆ ರಾಶಿ ಬಿದ್ದಿತ್ತು. ಗೇಣುದ್ದದ, ದಪ್ಪನೆಯ, ತಿಳಿ ಬಣ್ಣದ ಕಾಯಿ. ಅಕ್ಕೋರು ಒಂದನ್ನು ಎತ್ತಿ ಹಿಡಿದು ಅಂಗಡಿಯವನನ್ನು ಗದರಿದರು.

"ಏನಪಾ, ಬಲಿತ ಕಾಯಿ ಮಾರಾಕ ಇಟ್ಟೀಯಲ್ಲ? ನಮ್ಮ ಕಡೆ ಇದನ್ನ ಬೀಜಕ್ಕ ಬಿಡ್ತಾರ."

"ಬಲಿತದ್ದಲ್ಲ ಮಾರಾಯ್ರೆ, ಊರ ಬೆಂಡೆ ಇರುವುದೇ ಹೀಗೆ."

ಅಕ್ಕೋರು ತುದಿ ಮುರಿದರು. ಪಟ್ಟೆಂದಿತು. ನಂಬಿಕೆ ಬಾರದೆ ಇನ್ನೊಂದನ್ನು ಮುರಿದರು, ಮತ್ತೊಂದನ್ನೂ ಮುರಿದರು.

"ನೀವು ಹೀಗೆ ಎಲ್ಲದರ ಬಾಲ ತೆಗೆದರೆ ನಾನು ಎಂತ ಮಾರುವುದು? ಅಮ್ಮಾ, ಇವರನ್ನು ಕರಕೊಂಡು ಹೋಗಿ!"

ಮುರಿದದ್ದನ್ನೆಲ್ಲ ಅಮ್ಮನೇ ಕೊಂಡು ತಂದರು. ಅವರಿಬ್ಬರ ಗೆಳೆತನ ಶುರುವಾದದ್ದು ಆ ಚೀಲದಿಂದ.

ಜಗಳವೂ ಅಲ್ಲಿಂದಲೇ. ನಮ್ಮಲ್ಲಿ ಬೆಂಡೆಗೆ ತೆಂಗಿನಕಾಯಿ ಅರೆದು ಹಾಕಿ, ಹುಳಿ ಬಿಟ್ಟು, ಲೋಳೆ ಸಮೇತ ಕುದಿಸುತ್ತೇವೆ. ಮಳೆಗಾಲದಲ್ಲಿ ಒಣ ಸಿಗಡಿಯೂ ಬೀಳುತ್ತದೆ. ಅಕ್ಕೋರು ಮೀನು ಮುಟ್ಟುವವರಲ್ಲ. ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೌಟಿನಿಂದ ಎಳೆಎಳೆಯಾಗಿ ಇಳಿಯುವ ಬೆಂಡೆಯನ್ನು ನೋಡಿ ಹಣೆ ಗಂಟಿಕ್ಕುತ್ತಿದ್ದರು. "ಇದು ಪಲ್ಯ ಅಲ್ರಿ ಅಕ್ಕಾ, ಅಂಟು. ಇದರಿಂದ ಪೋಸ್ಟರ್ ಹಚ್ಚಬಹುದು."

ಅವರ ಬೆಂಡೆ ಬೇರೆಯೇ. ಕಾಯಿಯನ್ನು ತೊಳೆದು, ಹಳೆಯ ಹತ್ತಿ ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿ, ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಮುಚ್ಚಳವಿಲ್ಲದೆ ಹುರಿಯಬೇಕು. ಹೆಚ್ಚು ಕೈಯಾಡಿಸಬಾರದು. ಲೋಳೆ ಪೂರ್ತಿ ಆರಿದ ಮೇಲೆ ಶೇಂಗಾ ಪುಡಿ, ಖಾರ. ಉಪ್ಪು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಜೋಳದ ರೊಟ್ಟಿ. ಶಾಲೆಯಲ್ಲಿ ಸಹೋದ್ಯೋಗಿಗಳ ಬುತ್ತಿಯ ರುಚಿ ನೋಡಿ ಬಂದು ಸಂಜೆ ಗೋಡೆಯಾಚೆಯಿಂದ ತೀರ್ಪು ಕೊಡುತ್ತಿದ್ದರು. ಕಾರ್ಕಳದ ಕೊಂಕಣಿ ಮಾತಾಡುವ ಶಿಕ್ಷಕಿಯ ಮಸಾಲೆ ಬೆಂಡೆ ಪಾಸು. ಭಟ್ಟ ಮಾಸ್ತರರ ಮನೆಯ ಮೆಣಸ್ಕಾಯಿ ಎಂಬ ಬೆಂಡೆಯ ಸಿಹಿ-ಹುಳಿ ಗೊಜ್ಜಿನ ಸುದ್ದಿ ಬಂದಾಗ ಮಾತ್ರ ಸ್ವರ ಏರಿತು: "ಬೆಂಡಿಕಾಯಿಗೆ ಬೆಲ್ಲ ಹಾಕ್ಯಾರ್ರೀ! ಅದೇನ ಪಾಯಸೇನು?"

ಒಂದು ಬೇಸಗೆಯಲ್ಲಿ ಅಕ್ಕೋರಿಗೆ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿತು. ಅನ್ನನಾಳದ ಕ್ಯಾನ್ಸರ್ ಎಂದು ಮಣಿಪಾಲದಲ್ಲಿ ಹೇಳಿದರು. ಊರಿನಿಂದ ಅವರ ತಮ್ಮ ಬಂದು ಕೆಲವು ದಿನ ಇದ್ದು ಹೋದ. ವಿಕಿರಣ ಚಿಕಿತ್ಸೆ ಆರಂಭವಾದ ಮೇಲೆ ಅನ್ನ ಇಳಿಯಲಿಲ್ಲ, ಆಮೇಲೆ ಗಂಜಿಯೂ ಇಳಿಯಲಿಲ್ಲ. ತೂಕ ಇನ್ನೂ ಇಳಿದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದರು ವೈದ್ಯರು. ರೋಗದ ಹೆಸರು ಕೇಳಿ ಅಳದಿದ್ದ ಅಕ್ಕೋರು ಆ ದಿನ ಅಮ್ಮನ ಕೈ ಹಿಡಿದುಕೊಂಡರು. "ಬಾಯಿಲೆ ಉಣ್ಣಬೇಕ್ರಿ ಅಕ್ಕಾ. ನಳಿಗಿ ಬ್ಯಾಡ."

ಅಮ್ಮ ಪೇಟೆಗೆ ಹೋಗಿ ಮೀನು ಸೋಂಕದ ಒಂದು ಹೊಸ ಪಾತ್ರೆ ತಂದರು. ಊರ ಬೆಂಡೆಯನ್ನು ಖಾರ, ಹುಳಿ ಇಲ್ಲದೆ, ತೆಂಗಿನಕಾಯಿ ಹಾಲಿನಲ್ಲಿ ಕರಗುವಷ್ಟು ಬೇಯಿಸಿ, ಬೀಜ ಸೋಸಿ, ಗಂಜಿಗೆ ಕಲಸಿ ಚಮಚದಲ್ಲಿ ಕೊಟ್ಟರು. ಜಾರಿ ಇಳಿಯಿತು. ಅಕ್ಕೋರು ಗಂಟಲು ಮುಟ್ಟಿ ನೋಡಿಕೊಂಡರು.

"ಹೋತ್ರಿ," ಎಂದರು. "ಈ ಅಂಟು ಒಳಗ ಹೋತು."

"ನೀವು ಪೋಸ್ಟರ್ ಹಚ್ಚಲಿಕ್ಕೆ ಇಟ್ಟದ್ದು ಅಲ್ವಾ," ಎಂದರು ಅಮ್ಮ. ಇಬ್ಬರೂ ನಕ್ಕರು. ನಗುವಾಗ ಅಕ್ಕೋರಿಗೆ ನೋವಾಯಿತು.

ಆ ಮಳೆಗಾಲ ಪೂರ್ತಿ ಅವರು ಬಾಯಲ್ಲೇ ಉಂಡರು. ಅಮ್ಮ ಮೀನಿನ ಬುಟ್ಟಿ ಇಳಿಸಿ, ಮಿಂದು, ಬೆಂಡೆ ಬೇಯಿಸಿ ಕೊಟ್ಟು ಆಮೇಲೆ ನಮಗೆ ಅಡುಗೆ ಮಾಡುತ್ತಿದ್ದರು. ಚೌತಿ ಕಳೆದು ಊರ ಬೆಂಡೆ ಮಾರುಕಟ್ಟೆಗೆ ಬರುವುದು ಕಡಿಮೆಯಾಗುವ ಹೊತ್ತಿಗೆ ಲೋಳೆಯೂ ಇಳಿಯದಂತಾಯಿತು. ಅವರನ್ನು ಆಸ್ಪತ್ರೆಗೆ ಸೇರಿಸಿ ನಳಿಗೆ ಹಾಕಿದರು.

ನೋಡಲು ಹೋದ ಅಮ್ಮ ಎಂತ ಬೇಕು ಎಂದು ಕೇಳಿದರು. "ಹುರಿದದ್ದು ಒಂದ ಸಲ ಕಡೀಬೇಕ್ರಿ" ಎಂದರು ಅಕ್ಕೋರು. ನುಂಗಬಾರದು ಎಂದು ನರ್ಸ್ ಎರಡೆರಡು ಸಲ ಎಚ್ಚರಿಸಿ ಒಪ್ಪಿದರು. ಅಕ್ಕೋರ ಮನೆಯ ಬಾಣಲೆಯಲ್ಲೇ ಅಮ್ಮ ಮೊದಲ ಬಾರಿಗೆ ಒಣ ಬೆಂಡೆ ಹುರಿದರು. ಮರುದಿನ ನಾನೂ ಜೊತೆಗಿದ್ದೆ. ಅಕ್ಕೋರು ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದರು. ಬಹಳ ಹೊತ್ತು ಅಗಿದು, ಅಮ್ಮ ಹಿಡಿದ ಬಟ್ಟಲಿಗೆ ಉಗಿದರು. ಮತ್ತೊಂದು ತೆಗೆದುಕೊಂಡರು.

"ನಾಲಿಗಿಗೆ ರುಚಿ ಹತ್ತವಲ್ದು," ಎಂದರು ಪಿಸುದನಿಯಲ್ಲಿ. "ಆದ್ರ ಉಪ್ಪ ಮೊದಲ ಹಾಕೀರಿ. ಮೆತ್ತಗಾಗ್ಯಾವ."

"ಹೌದು, ಮರೆತುಹೋಯಿತು," ಎಂದರು ಅಮ್ಮ. "ಇನ್ನೊಮ್ಮೆ ಸರಿಯಾಗಿ ಮಾಡಿ ತರುತ್ತೇನೆ."

ಆ ವಾರದಲ್ಲೇ ಅಕ್ಕೋರು ತೀರಿಕೊಂಡರು. ತಮ್ಮ ಬಂದು ದೇಹವನ್ನು ಊರಿಗೆ ಒಯ್ದ.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ನಿಧನ ವಾರ್ತೆಯನ್ನು ನಾನೇ ಬರೆದೆ: ಹುಟ್ಟೂರು, ಸೇವೆ ಸಲ್ಲಿಸಿದ ಶಾಲೆ, ಸಹೋದರನನ್ನು ಅಗಲಿದ್ದಾರೆ. ತಪ್ಪೇನೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅಮ್ಮನಿಗೆ ಓದಿ ಹೇಳಿದೆ.

"ಅಷ್ಟೆಯಾ?" ಅಮ್ಮ ತುಳುವಿನಲ್ಲಿ ಕೇಳಿದರು. "ಬೆಂಡೆಯ ವಿಷಯ ಇಲ್ಲವಾ?"

"ಅದನ್ನೆಲ್ಲ ಅಲ್ಲಿ ಹಾಕುವುದಿಲ್ಲ ಅಮ್ಮ."

ಅಮ್ಮ ಪತ್ರಿಕೆ ತೆಗೆದುಕೊಂಡು, ವಾರ್ತೆಯ ಜೊತೆಗಿದ್ದ ಅಕ್ಕೋರ ಸಣ್ಣ ಚಿತ್ರದ ಮೇಲೆ ಬೆರಳಿಟ್ಟರು.

"ಹಾಗಾದರೆ ಓದಿದವರಿಗೆ ಇವರು ಯಾರು ಅಂತ ಹೇಗೆ ಗೊತ್ತಾಗಬೇಕು?"