ಮುಂದಿನ ಸೀಟಿನಲ್ಲಿ ಕುಳಿತವಳು

ಆ ಶನಿವಾರ ಮಧ್ಯಾಹ್ನ ನಾನು ಮತ್ತು ಮಂಗಳೂರಿನ ಗೆಳತಿ ನೈರೋಬಿ ಪೇಟೆಯಲ್ಲಿ ಒಂದು ಹಳೆಯ ಸಿನಿಮಾ ನೋಡಿದೆವು. ಬಿಳಿಯರಿಗೊಂದು ಬಾಗಿಲು, ಕರಿಯರಿಗೊಂದು ಬಾಗಿಲು ಇದ್ದ ಕಾಲದ ದಕ್ಷಿಣ ಆಫ್ರಿಕಾದ ಕಥೆ. ಜೈಲಿನಿಂದ ತಪ್ಪಿಸಿಕೊಂಡ ಹೋರಾಟಗಾರನನ್ನು ಪೊಲೀಸರು ಕೊನೆಯವರೆಗೂ ಬೆನ್ನಟ್ಟುತ್ತಾರೆ. ಬಿಳಿ ಹೆಂಗಸೊಬ್ಬಳು ಅವನನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟಾಗ ಗೆಳತಿ ಕಣ್ಣೊರೆಸಿಕೊಂಡಳು. ನಾನೂ ಅತ್ತೆ.

ಹೊರಗೆ ಬಂದರೆ ಪಕ್ಕದ ರಸ್ತೆಯಲ್ಲಿ ಸರ್ಕಾರದ ವಿರುದ್ಧದ ಮೆರವಣಿಗೆ ಚದುರಿಸಲು ಅಶ್ರುವಾಯು ಸಿಡಿಸಿದ್ದರು. ನಮ್ಮ ಡ್ರೈವರ್ ಕಾರನ್ನು ಒಂದು ಗಲ್ಲಿಗೆ ತಿರುಗಿಸಿದ. ಎದುರಿನಿಂದ ಒಬ್ಬ ಹುಡುಗಿ ಓಡಿಬಂದಳು. ಹೆಗಲ ಮೇಲೆ ಬಾವುಟ, ಕಾಲಲ್ಲಿ ಒಂದೇ ಚಪ್ಪಲಿ. ಬಂದವಳೇ ನನ್ನ ಕಿಟಕಿ ಬಡಿದಳು.

"ಅಯ್ಯೋ, ಲಾಕ್ ಮಾಡು ಮಾರಾಯ್ತಿ!" ಎಂದಳು ಗೆಳತಿ.

ಅವಳು ಹೇಳುವ ಮೊದಲೇ ನನ್ನ ಬೆರಳು ಲಾಕ್ ಒತ್ತಿತ್ತು. ಈ ಊರಿಗೆ ಬಂದ ಮೊದಲ ವಾರವೇ ನಮ್ಮವರೆಲ್ಲ ಹೇಳಿಕೊಡುವ ಪಾಠ ಅದು.

ಡ್ರೈವರ್ ಬಗ್ಗಿ ಮುಂದಿನ ಬಾಗಿಲು ತೆರೆದ. ಹುಡುಗಿ ಅವನ ಪಕ್ಕ ಬಂದು ಬಿದ್ದಳು. ಅವನು ಬಾವುಟ ಎಳೆದು ಸೀಟಿನಡಿ ತುರುಕಿದ. ಅಷ್ಟರಲ್ಲಿ ಹೆಲ್ಮೆಟ್ ಹಾಕಿದ ಪೊಲೀಸ್ ಓಡಿಬಂದು ನನ್ನ ಗಾಜಿಗೆ ಲಾಠಿ ಕುಟ್ಟಿದ. ಗಾಜು ಇಳಿಸಿದೆ.

"ಇವಳು ಯಾರು, ಮಮಾ?" ಎಂದ, ಅಮ್ಮ ಅನ್ನುವಂತೆ.

ಇಲ್ಲಿ ನಮ್ಮಂಥವರ ಕಾರಿನಲ್ಲಿ ಮನೆಕೆಲಸದವರು ಕೂರುವುದು ಮುಂದೆ, ಡ್ರೈವರ್ ಪಕ್ಕದಲ್ಲಿ. ಅದು ಪೊಲೀಸನಿಗೂ ಗೊತ್ತು.

"ನಮ್ಮ ಮನೆ ಆಯಾ," ಎಂದೆ. ಅವನು ಹುಡುಗಿಯ ಕೆಂಪು ಕಣ್ಣುಗಳನ್ನೇ ನೋಡುತ್ತಿದ್ದ. ನಾನು ನನ್ನ ಮಾರ್ಕೆಟ್ ಸ್ವಾಹಿಲಿಯಲ್ಲಿ ಅವಳ ಮೇಲೆ ಎಗರಿದೆ: "ಗಲಾಟೆ ಇರುವ ದಿನ ಎಲ್ಲಿ ಅಲೆಯುತ್ತಿದ್ದೆ? ತರಕಾರಿ ತಗೊಂಡು ಅಲ್ಲೇ ನಿಂತಿರು ಅನ್ನಲಿಲ್ವಾ? ಅಳೋದೊಂದು ಗೊತ್ತು ನಿನಗೆ! ರಾತ್ರಿ ಅಡುಗೆ ಯಾರು ಮಾಡ್ತಾರೆ?"

ಹುಡುಗಿ ತಲೆ ತಗ್ಗಿಸಿದಳು. ಪೊಲೀಸ್ ನಕ್ಕು, "ಸವಾ, ಮಮಾ," ಸರಿಯಮ್ಮ ಎಂದು ಕಾರಿನ ಮೇಲೆ ತಟ್ಟಿ ಮುಂದೆ ಓಡಿದ.

"ನಿನ್ನ ನಾಟಕಕ್ಕೆ ಪ್ರೈಜ್ ಕೊಡ್ಬೇಕು ಮಾರಾಯ್ತಿ," ಎಂದಳು ಗೆಳತಿ.

ಹುಡುಗಿ ಊರಂಚಿನ ಕಸರಾನಿಯಲ್ಲಿ ಇಳಿಸಲು ಕೇಳಿದಳು. ಕಾನೂನು ಓದುತ್ತಿದ್ದಾಳಂತೆ. ಇಳಿಯುವಾಗ ಡ್ರೈವರ್‌ಗೆ "ಅಸಾಂಟೆ" ಎಂದು ಥ್ಯಾಂಕ್ಸ್ ಹೇಳಿ, ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು: "ಚೆನ್ನಾಗಿ ಬೈತೀರಿ, ಮೇಡಂ. ಒಂದು ಕಡೆಯೂ ತಡವರಿಸಲಿಲ್ಲ."

ಗೆಳತಿಯನ್ನು ಅವಳ ಮನೆಗೆ ಬಿಟ್ಟ ಮೇಲೆ ಡ್ರೈವರ್ ಕೇಳಿದ: "ಆ ಪೊಲೀಸ್ ಹುಡುಗಿಯ ಹೆಸರು ಕೇಳಿದ್ದರೆ, ಮೇಡಂ?"

"ನಮ್ಮ ಆಯಾಳ ಹೆಸರೇ ಹೇಳ್ತಿದ್ದೆ."

ಅವನು ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಕಾದ. ಆರು ವರ್ಷದಿಂದ ನಮಗೆ ಬೇಯಿಸಿ ಹಾಕುವವಳನ್ನು ಮನೆಯಲ್ಲಿ ಎಲ್ಲರೂ ಆಯಾ ಎಂದೇ ಕರೆಯುವುದು. ಹೆಸರು ಬಾಯಿಗೆ ಬರಲಿಲ್ಲ.

ಮನೆ ತಲುಪಿ ಅವಳನ್ನೇ ಕೇಳಿ ತಿಳಿದುಕೊಂಡೆ. ಆದರೂ ಮನಸ್ಸಿನಲ್ಲಿ ಆ ಹೆಲ್ಮೆಟ್ ದಿನಕ್ಕೊಮ್ಮೆಯಾದರೂ ನನ್ನ ಕಿಟಕಿಗೆ ಬಾಗುತ್ತದೆ, ಹೆಸರು ಕೇಳುತ್ತದೆ. ನಾನು ತಡಕಾಡುವಷ್ಟರಲ್ಲಿ ಹುಡುಗಿಯನ್ನು ಕೂದಲು ಹಿಡಿದು ಕೆಳಗೆಳೆದಿರುತ್ತಾರೆ.