ಗೆರೆಯಣ್ಣನ ಪಕ್ಕೆಯ ಪಟ್ಟಿ

ನಾನು ಕತ್ತರಿ ಹಿಡಿಯುವ ಹೊಲಿಗೆ ಅಂಗಡಿಯಲ್ಲಿ ಇಸ್ತ್ರಿ ಹಾಕುವವನಿಗೆ ಗೆರೆಯಣ್ಣ ಅಂತಲೇ ಹೆಸರು. ಅವನು ಒತ್ತಿದ ಪ್ಯಾಂಟಿನ ಗೆರೆ ಒಗೆದರೂ ಅಳಿಯುತ್ತಿರಲಿಲ್ಲ. "ನನ್ನ ಮುಖಕ್ಕೂ ಒಂದ್ಸಲ ಇಸ್ತ್ರಿ ಎಳಿಯಪ್ಪ" ಎಂದರೆ, "ಅದಕ್ಕೆ ಕರೆಂಟ್ ಸಾಲಲ್ಲ ಮಾಸ್ಟ್ರೇ" ಎನ್ನುತ್ತಿದ್ದ.

ಹರೆಯದಲ್ಲಿ ಅವನಿಗೆ ತಲೆ ಕೆಟ್ಟಿತ್ತು. ಹೊಟ್ಟೆಯೊಳಗೆ ಯಾರೋ ಕೂತು ತನ್ನ ಸುದ್ದಿಯನ್ನೆಲ್ಲ ಹೊರಗೆ ಕಳಿಸುತ್ತಿದ್ದಾರೆಂದು ಕಿರುಚಾಡಿ ಆಸ್ಪತ್ರೆ ಸೇರಿದ್ದ. ಮಾತ್ರೆ ಹಿಡಿದ ಮೇಲೆ ಸರಿಹೋದ. ಹೋದ ವರ್ಷ ಡಾಕ್ಟರು ಹೊಸ ಮಾತ್ರೆ ಕೊಟ್ಟರು. ನುಂಗಿದರೆ ಅದರೊಳಗಿನ ಚೂರು ಹೊಟ್ಟೆಯಿಂದಲೇ ನುಂಗಿದ್ದಾನೆಂದು ಸುದ್ದಿ ಕಳಿಸುತ್ತದೆ. ಪಕ್ಕೆಗೆ ಅಂಟಿಸಿದ ಪಟ್ಟಿ ಅದನ್ನು ಹಿಡಿದು ಅವನ ಅಕ್ಕನ ಫೋನಿಗೆ ಮುಟ್ಟಿಸುತ್ತದೆ. ಯಾವ ಮಾತಿಗೆ ಅವನನ್ನು ಹುಚ್ಚ ಎಂದರೋ ಅದನ್ನೇ ಮಾಡಿ ಔಷಧಿ ಎಂದರು! ನನಗೆ ಮೈಯೆಲ್ಲ ಉರಿಯಿತು. ಅವನು ಮಾತ್ರ, "ಅಕ್ಕನಿಗೆ ನೆಮ್ಮದಿ ಅಂದ್ರೆ ಇರಲಿ ಬಿಡಿ" ಎಂದ.

ಇಸ್ತ್ರಿ ಮೇಜಿನ ಹಬೆಗೆ, ಬೆವರಿಗೆ ಪಟ್ಟಿ ಕಿತ್ತು ಬರುತ್ತಿತ್ತು. ಸುದ್ದಿ ಮುಟ್ಟದೆ ಅಕ್ಕನ ಫೋನು ಕೆಂಪಗಾಗುತ್ತಿತ್ತು. ಅವಳು ಅಂಗಡಿಗೇ ಓಡಿ ಬರುತ್ತಿದ್ದಳು. ಒಂದು ದಿನ ಹಾಗೇ ಬಂದಳು.

"ನುಂಗಿದೀನಿ ಅಕ್ಕ. ನಿನ್ನೆದುರಿಗೇ ಅಲ್ವಾ?"

"ನಾಲಿಗೆ ಕೆಳಗಿಟ್ಕೊಂಡು ಉಗಿದಿರ್ತೀಯ. ಫೋನಿಗೇನು ಸುಳ್ಳು ಹೇಳೋ ದರ್ದು? ಇನ್ನೊಂದ್ಸಲ ಹೀಗಾದ್ರೆ ಆಸ್ಪತ್ರೆಗೆ ಸೇರಿಸ್ತಾರಂತೆ ಕಣೋ."

ಅವಳನ್ನೂ ಬೈಯಲಾರೆ. ಅವನ ತಲೆ ಕೆಟ್ಟಿದ್ದ ದಿನಗಳಲ್ಲಿ ಬೆಂದವಳು.

ಮರುದಿನ ಮಧ್ಯಾಹ್ನ ಪಟ್ಟಿ ಮತ್ತೆ ಕಳಚಿತು. ಕಾಲರಿನೊಳಗಿಡುವ ಕ್ಯಾನ್ವಾಸಿಗೆ ಗೋಂದಿರುತ್ತದೆ. ಬಿಸಿಯಾಗಿ ಒತ್ತಿದರೆ ಕರಗಿ, ಬಟ್ಟೆ ಹರಿದರೂ ಬಿಡದಂತೆ ಅಂಟುತ್ತದೆ. ಗೆರೆಯಣ್ಣ ದಿನವೆಲ್ಲ ಮಾಡುವ ಕೆಲಸ ಅದು. ಅಂಗಿ ಎತ್ತಿ, ಪಟ್ಟಿಯ ಮೇಲೆ ಕ್ಯಾನ್ವಾಸಿನ ತುಂಡಿಟ್ಟು, ಒದ್ದೆ ಬಟ್ಟೆ ಹೊದಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿಕೊಂಡ. ಕೂಗಲಿಲ್ಲ. ಚರ್ಮ ಸುಟ್ಟ ವಾಸನೆಗೆ ನಾನು ತಿರುಗಿದೆ.

"ಇನ್ನು ಬಿಡಲ್ಲ ಮಾಸ್ಟ್ರೇ," ಎಂದ, ಹಲ್ಲು ಕಚ್ಚಿಕೊಂಡು.

ಮಾತ್ರೆ ಬಿಟ್ಟಿದ್ದಾನೆ, ಕಾಯಿಲೆ ಮರುಕಳಿಸಿದೆ ಎಂದು ಡಾಕ್ಟರು ಆಸ್ಪತ್ರೆಗೆ ಸೇರಿಸಿಕೊಂಡರು. ಗೋಂದಿನ ಕಥೆಯನ್ನು ನಾನು ಬಾಯಿ ನೋಯುವಷ್ಟು ಹೇಳಿದೆ. ತಲೆಯಾಡಿಸಿದರು, ಅಷ್ಟೇ.

ನೋಡಲು ಹೋದಾಗ ಅವನು ಸರಳು ಹಾಕಿದ ಕಿಟಕಿಯ ಪಕ್ಕ ಕೂತಿದ್ದ. ಸುಟ್ಟ ಪಕ್ಕೆ ಬಿಟ್ಟು ಇನ್ನೊಂದು ಪಕ್ಕೆಗೆ ಹೊಸ ಪಟ್ಟಿ ಅಂಟಿಸಿದ್ದರು. ಅಕ್ಕ ಫೋನ್ ತೋರಿಸಿದಳು. "ಹಸಿರು ನೋಡಿ ಮಾಸ್ಟ್ರೇ. ಈಗ ಹುಷಾರಾಗಿದ್ದಾನೆ."

"ಹೇಗಿದೀಯಪ್ಪಾ?" ಎಂದು ಅವನನ್ನು ಕೇಳಿದೆ.

ಅವನು ನನ್ನ ಮುಖ ನೋಡಲಿಲ್ಲ. ಅಕ್ಕನ ಕೈಯಲ್ಲಿದ್ದ ಫೋನಿನತ್ತ ಬೆರಳು ತೋರಿಸಿದ.

"ಅದನ್ನೇ ಕೇಳಿ."