ಗುಡ್ಡಕ್ಕೆ ಬೆನ್ನು ಹಾಕಿ ನಿಂತ ಸಾವಿತ್ರಕ್ಕ

ಪ್ರವಾಸದಿಂದ ಮನುಷ್ಯನ ದೃಷ್ಟಿ ವಿಶಾಲವಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಮ್ಮ ತಂಡದಲ್ಲಿ ವಿಶಾಲವಾದದ್ದು ಸೊಂಟದ ಸುತ್ತಳತೆ ಮಾತ್ರ. ದೃಷ್ಟಿ ಹೋಗುವಾಗ ಎಷ್ಟಿತ್ತೋ ಬರುವಾಗಲೂ ಅಷ್ಟೇ ಇತ್ತು. ಶಿರಸಿ ಬಳಿಯ ಹೆಗಡೆಕಟ್ಟಾದ ಸಾವಿತ್ರಕ್ಕ ಈ ಲೆಕ್ಕಕ್ಕೆ ಸಿಕ್ಕುವವರಲ್ಲ. ಅವರ ದೃಷ್ಟಿ ಮೊದಲಿನಿಂದಲೂ ಬೇರೆ ಕಡೆಗೇ ಇತ್ತು.

ಬೇರೆ ಕಡೆ ಎಂದರೆ ನಿಜಕ್ಕೂ ಬೇರೆ ಕಡೆ. ಫೋಟೋಗಳೇ ಸಾಕ್ಷಿ. ಲಾವೋಸಿನ ಜಲಪಾತದ ಮುಂದೆ ನಾವೆಲ್ಲ ಹಲ್ಲು ಬಿಟ್ಟುಕೊಂಡು ನಿಂತಿದ್ದೇವೆ. ಸಾವಿತ್ರಕ್ಕ ಪಕ್ಕಕ್ಕೆ ತಿರುಗಿ, ಕೆಂಡದ ಮೇಲೆ ಜೋಳದ ತೆನೆ ಸುಡುವ ಹೆಂಗಸಿನ ಕೈ ನೋಡುತ್ತಿದ್ದಾರೆ. ಜಾರ್ಜಿಯಾದಲ್ಲಿ ಹಿಮದ ಶಿಖರ ಮೋಡ ಸರಿಸಿ ಮುಖ ತೋರಿಸಿದ ಆ ಒಂದೇ ಗಳಿಗೆಯಲ್ಲಿ ಅವರು ಶಿಖರಕ್ಕೆ ಬೆನ್ನು ಹಾಕಿ ರೊಟ್ಟಿ ಅಂಗಡಿಯೊಳಗೆ ಇಣುಕುತ್ತಿದ್ದರು. ಅಲ್ಲಿ ಒಬ್ಬ ದಢೂತಿ ಆಸಾಮಿ ಬಾವಿಯಂಥ ಒಲೆಯೊಳಗೆ ಅರ್ಧ ಮೈ ತೂರಿಸಿ ಗೋಡೆಗೆ ರೊಟ್ಟಿ ಬಡಿಯುತ್ತಿದ್ದ.

"ಅಕ್ಕಾ, ಇಷ್ಟು ದೂರ ಬಂದು ಗುಡ್ಡ ನೋಡದಿದ್ರೆ ಹೆಂಗೆ?" ಎಂದು ಕೇಳಿದೆ.

"ಗುಡ್ಡ ಎಲ್ಲೂ ಹೋಗ್ತಿಲ್ಲೆ ತಮಾ. ಮನುಷ್ಯ ಎದ್ದು ಹೋಗ್ತ. ಮೊದ್ಲು ಅವನ್ನ ನೋಡವು."

ನೋಡಿದ್ದನ್ನು ಅವರು ಸುಮ್ಮನೆ ಇಟ್ಟುಕೊಳ್ಳುತ್ತಿರಲಿಲ್ಲ. ಊರಿಗೆ ಬಂದ ವಾರದಲ್ಲೇ ಯಾವುದಾದರೂ ಮದುವೆ ಮನೆಯ ಹಿಂಬದಿಯಲ್ಲಿ ಹೆಂಗಸರು ಸುತ್ತ ಕೂತಿರುತ್ತಿದ್ದರು, ನಡುವೆ ಸಾವಿತ್ರಕ್ಕ ಜಾರ್ಜಿಯಾದ ರೊಟ್ಟಿಯವನಾಗಿರುತ್ತಿದ್ದರು. ಒಲೆಯಿಲ್ಲ, ರೊಟ್ಟಿಯಿಲ್ಲ. ಆದರೂ ಅವರು ಬಗ್ಗಿದಾಗ ಮುಂದೆ ಕೂತವರು ಬಿಸಿ ತಾಗುವುದೆಂದು ಹಿಂದೆ ಸರಿಯುತ್ತಿದ್ದರು.

ಪರದೇಶದವರನ್ನಷ್ಟೇ ಅಣಕಿಸಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಸ್ವದೇಶದವರನ್ನೂ ಬಿಡುತ್ತಿರಲಿಲ್ಲ. ನಾನು ಶಿರಸಿಯಲ್ಲಿ ಬ್ಯಾಂಕಿನಿಂದ ನಿವೃತ್ತನಾದ ಮೇಲೆ, ಏಷ್ಯಾ ಖಂಡದಲ್ಲಿ ಕ್ಯಾಲೆಂಡರಿನ ಚಿತ್ರಕ್ಕೆ ಬಾರದ ಚೆಂದದ ಜಾಗಗಳು ಬೇಕಾದಷ್ಟಿವೆ ಎಂಬ ಒಂದೇ ಬಂಡವಾಳದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರನ್ನು ಕಟ್ಟಿಕೊಂಡು ವರ್ಷಕ್ಕೊಮ್ಮೆ ಹೊರಡುತ್ತಿದ್ದೆ. ವಿಮಾನ ನಿಲ್ದಾಣದಲ್ಲಿ ಬೆರಳು ನೆಕ್ಕಿ ಪಾಸ್‌ಪೋರ್ಟು ಎಣಿಸುವ ನನ್ನ ಭಂಗಿ ಮೂರು ತಾಲ್ಲೂಕಿನಲ್ಲಿ ಪ್ರಸಿದ್ಧವಾದದ್ದು ಸಾವಿತ್ರಕ್ಕನ ದಯೆಯಿಂದ. ಯಲ್ಲಾಪುರದಲ್ಲಿ ನನ್ನ ಗುರುತೇ ಇಲ್ಲದ ಒಂದು ಮಗು ನನ್ನ ಮುಂದೆ ಬೆರಳು ನೆಕ್ಕಿ ತೋರಿಸಿ ಓಡಿತು. ಇದಕ್ಕಿಂತ ಹೆಚ್ಚಿನ ಸಾರ್ವಜನಿಕ ಸನ್ಮಾನ ನನಗೆ ದೊರೆತಿಲ್ಲ.

ಅವರ ಅತ್ಯುತ್ತಮ ಕೃತಿ ಮಾತ್ರ ಯಜಮಾನರ ಸಂಧ್ಯಾವಂದನೆ. ಶಿವರಾಮ ಭಟ್ಟರು ದಿನಕ್ಕೆರಡು ಹೊತ್ತು ತಪ್ಪಿಸಿದವರಲ್ಲ. ಅವರು ಪಂಚೆ ಮೇಲೆ ಸಿಕ್ಕಿಸುವುದು, ಪ್ರಾಣಾಯಾಮದ ನಡುವೆ ಮೂಗು ಹಿಡಿದಂತೆಯೇ ಬರುವ ಆಕಳಿಕೆ, ಜಪದಲ್ಲಿ ಉದ್ಧರಣೆ ಚಮಚದ ಹಿಡಿಯಿಂದ ಬೆನ್ನು ತುರಿಸಿಕೊಳ್ಳುವುದು, ಚಾ ಆಯಿತೋ ಎಂದು ಹೆಗಲ ಮೇಲಿಂದ ಅಡುಗೆಮನೆಯತ್ತ ಕಳ್ಳನೋಟ ಬೀರುವುದು, ಎಲ್ಲವೂ ಅದರಲ್ಲಿದ್ದವು. ಸಿದ್ದಾಪುರದ ಒಂದು ಉಪನಯನದಲ್ಲಿ ಪ್ರದರ್ಶನ ರಂಗೇರಿದ್ದಾಗ ಭಟ್ಟರು ನೀರು ಕುಡಿಯಲು ಅತ್ತ ಬಂದರು. ನಗು ಒಬ್ಬೊಬ್ಬರದಾಗಿ ನಿಂತಿತು.

"ಎನ್ನ ಜಪ ನಿನ್ನ ನಾಟಕಕ್ಕೆ ಇಟ್ಟಿದ್ದಲ್ಲ" ಎಂದು ಅಷ್ಟೇ ಹೇಳಿ, ನೀರು ಕುಡಿಯದೆ ಹೋದರು.

ಸಾವಿತ್ರಕ್ಕ ಆವತ್ತು ಸಂಜೆ ದೇವರ ದೀಪದ ಮುಂದೆ ನಿಂತು, "ಇನ್ನು ನಿಂಗಳದ್ದು ಮಾಡ್ತ್ನಿಲ್ಲೆ" ಎಂದು ಮಾತು ಕೊಟ್ಟರಂತೆ. ಕೊಟ್ಟ ಮಾತು ಉಳಿಸಿಕೊಂಡರು. ಉಳಿದ ಶಕ್ತಿಯನ್ನೆಲ್ಲ ನನ್ನ ಮೇಲೆ ವಿನಿಯೋಗಿಸಿದರು.

ಅದಾದ ಮೇಲಿನ ಪ್ರವಾಸ ತಜಿಕಿಸ್ತಾನಕ್ಕೆ, ದಂಪತಿ ಇಬ್ಬರೂ ಬಂದಿದ್ದರು. ಪಂಜ್ ನದಿಯ ಈ ದಡದಲ್ಲಿ ನಮ್ಮ ರಸ್ತೆ, ಆ ದಡದಲ್ಲಿ ಅಫ್ಘಾನಿಸ್ತಾನ. ಅಲ್ಲಿನ ಮಣ್ಣಿನ ಮನೆಗಳು, ಕತ್ತೆ ಹೊಡೆದುಕೊಂಡು ಹೋಗುವ ಮುದುಕ, ಎಲ್ಲ ನಮ್ಮ ಆಚೆಮನೆಯಷ್ಟು ಹತ್ತಿರ ಕಾಣುತ್ತಿತ್ತು. ನಮ್ಮ ಚಾಲಕ ದವ್ಲತ್ ಹಿಂದೊಮ್ಮೆ ದಿಲ್ಲಿಯಲ್ಲಿ ಕೆಲಸ ಮಾಡಿ ಹಿಂದಿ ಕಲಿತಿದ್ದ ಮನುಷ್ಯ. ನದಿ ದಡಕ್ಕೆ ಇಳಿಯಬೇಡಿ, ಫೋಟೋ ತೆಗೆಯಬೇಡಿ ಎಂದು ಅವನು ಎಚ್ಚರಿಸಿದ್ದ. ಎಲ್ಲರೂ ಹೂಂ ಎಂದು ತಲೆಯಾಡಿಸಿದೆವು. ಏಪ್ರಿಕಾಟ್ ಮರಗಳ ನಡುವಿನ ಒಂದು ಮನೆಯಲ್ಲಿ ನಮ್ಮ ವಸತಿ.

ಸಂಜೆ ಚಾಕ್ಕೆ ಭಟ್ಟರು ಬರಲಿಲ್ಲ. ದಾಸನಕೊಪ್ಪದ ಬಸವಣ್ಣೆಪ್ಪನವರನ್ನು ಕೇಳಿದೆ. ಅವರು ನಮ್ಮ ತಂಡದ ಹಳೆಯ ಸದಸ್ಯರು, ಒಳ್ಳೆಯ ರೈತರು.

"ಭಟ್ರು ತಂಬಿಗಿ ಹಿಡಕೊಂಡು ಹೊಳಿ ಕಡೆ ಹೋದ್ರರೀ ಸರ. ನಾ ಬ್ಯಾರೆ ಕೆಲಸಕ್ಕ ಹೊಂಟಾರ ಅಂದಕೊಂಡು ಕೇಳಾಕ ಹೋಗಲಿಲ್ಲ."

ನಾನು ಏಳುವ ಮೊದಲೇ ಬೇಲಿಯ ಹತ್ತಿರ ಒಬ್ಬ ಸೈನಿಕ ಬಂದು ನಿಂತ. ಭಟ್ಟರ ತಾಮ್ರದ ತಂಬಿಗೆ ಅವನ ಕೈಯಲ್ಲಿತ್ತು. ಅದನ್ನು ಮೈಯಿಂದ ಆದಷ್ಟು ದೂರ ಹಿಡಿದಿದ್ದ.

ನಮ್ಮನ್ನೆಲ್ಲ ಗಡಿ ಕಾವಲಿನ ಠಾಣೆಗೆ ಕರೆದೊಯ್ದರು. ಭಟ್ಟರು ಒಳಕೋಣೆಯಲ್ಲಿದ್ದರು, ಬಾಗಿಲು ಹಾಕಿತ್ತು. ಮೇಜಿನ ಮೇಲೆ ಪಂಚಪಾತ್ರೆ, ಉದ್ಧರಣೆ, ಶಾಲು. ಅಧಿಕಾರಿ ನಿದ್ದೆಗೆಟ್ಟ ಕಣ್ಣಿನ ಮನುಷ್ಯ. ಗದರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ತನ್ನ ಸೈನಿಕ ಕಾವಲು ಗೋಪುರದಿಂದ ದುರ್ಬೀನಿನಲ್ಲಿ ಕಂಡದ್ದನ್ನು ಒಂದೊಂದಾಗಿ ಹೇಳಿದ, ದವ್ಲತ್ ಹಿಂದಿಗೆ ತಂದ. ಈ ಮನುಷ್ಯ ಆಚೆ ದಡಕ್ಕೆ ಮುಖ ಮಾಡಿ ಹೊಳೆಯುವ ಪಾತ್ರೆ ಎತ್ತಿ ಎತ್ತಿ ತೋರಿಸಿದ್ದಾನೆ. ಎರಡೂ ಕೈ ಮೇಲೆತ್ತಿದ್ದಾನೆ. ಆಮೇಲೆ ಬಟ್ಟೆಯೊಳಗೆ ಕೈ ಮುಚ್ಚಿಟ್ಟುಕೊಂಡು ತುಟಿ ಅಲ್ಲಾಡಿಸುತ್ತ ಯಾರೊಂದಿಗೋ ಮಾತಾಡಿದ್ದಾನೆ. ನಡುನಡುವೆ ಯಾರಾದರೂ ನೋಡುತ್ತಾರೋ ಎಂದು ಹಿಂತಿರುಗಿ ನೋಡಿದ್ದಾನೆ.

ಸಾಯಂಸಂಧ್ಯೆಯನ್ನು ಪಶ್ಚಿಮಕ್ಕೆ ಮುಖ ಮಾಡಿಯೇ ಮಾಡಬೇಕು. ಅಲ್ಲಿ ಪಶ್ಚಿಮಕ್ಕಿದ್ದದ್ದು ಅಫ್ಘಾನಿಸ್ತಾನ. ನಮ್ಮ ಪುರಾತನ ಕರ್ಮವನ್ನು ಗಡಿ ಕಾಯುವವನ ಕಣ್ಣಿನಿಂದ ನಾನು ನೋಡಿದ್ದು ಅದೇ ಮೊದಲು. ಅಪರಾಧ ಸಾಬೀತಾದಂತೆಯೇ ಕಂಡಿತು.

"ಫೋಟೋ ತೆಗೆಯಡಿ ಹೇಳಿ ದವ್ಲತ್ ಹೇಳಿದ್ದ" ಎಂದು ಒಳಗಿನಿಂದ ಭಟ್ಟರ ದನಿ ಬಂತು. "ಎನ್ನ ಫೋನು ರೂಮಲ್ಲೇ ಇದ್ದು. ಹರಿಯೋ ನೀರು ಕಂಡತು, ಕೂತೆ."

ಇದು ಪೂಜೆ ಎಂದು ದವ್ಲತ್‌ನಿಂದ ಹೇಳಿಸಿದೆ. ಪೂಜೆಯಾದರೆ ನಿಮ್ಮವರಿಗೆಲ್ಲ ಗೊತ್ತಿರಬೇಕಲ್ಲ, ಇನ್ನೊಬ್ಬರು ಮಾಡಿ ತೋರಿಸಿ, ನನ್ನ ಸೈನಿಕ ನೋಡಿದ್ದಕ್ಕೂ ಅದಕ್ಕೂ ತಾಳೆಯಾದರೆ ಬಿಡುತ್ತೇನೆ ಎಂದ ಅಧಿಕಾರಿ. ಆಗದಿದ್ದರೆ ಬೆಳಿಗ್ಗೆ ಇವರನ್ನು ಮೇಲಿನ ಕಚೇರಿಗೆ ಕಳಿಸುತ್ತೇನೆ, ನೀವು ಮುಂದೆ ಹೋಗಿ. ಎಲ್ಲಿಗೆ, ಎಷ್ಟು ದಿನಕ್ಕೆ ಎಂದು ಕೇಳಿದ್ದಕ್ಕೆ ದವ್ಲತ್ ನೆಲ ನೋಡಿದ.

ನ್ಯಾಯವಾದ ಮಾತು. ತಂಡದಲ್ಲಿ ಜನಿವಾರದವರಿಗೆ ಬರವಿರಲಿಲ್ಲ. ಮೊದಲು ಶಿರಸಿಯ ಪರವಾಗಿ ನಾನು ಕೂತೆ. ಆಚಮನ ಸುಸೂತ್ರವಾಗಿ ಆಯಿತು. ಆಮೇಲೆ ಯಾವುದು ಎಂಬಲ್ಲಿ ನಿಂತೆ. ಸಿದ್ದಾಪುರದವರು ಅರ್ಘ್ಯದಿಂದ ಶುರು ಮಾಡಿ ಆಚಮನಕ್ಕೆ ಬಂದರು. ಯಲ್ಲಾಪುರದವರು ಮೂಗು ಹಿಡಿದವರು ಬಿಡುವುದು ಯಾವಾಗ ಎಂದು ನಮ್ಮ ಮುಖ ನೋಡಿದರು. ಮೂರು ತಾಲ್ಲೂಕಿನಿಂದ ಮೂರು ಪಾಠಾಂತರ. ಸೈನಿಕ ಪ್ರತಿ ಸಲವೂ ತಲೆಯಾಡಿಸಿದ, ಅಲ್ಲ ಎಂದು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದ.

"ತಮಾ" ಎಂದರು ಸಾವಿತ್ರಕ್ಕ. "ನಿಂಗ ಎಲ್ಲಾ ನಿಂಗಳದ್ದು ತೋರ್ಸಿದಿ. ಅವಂಗೆ ಬೇಕಾದ್ದು ಇವ್ರದ್ದು."

"ಹೌದು ಅಕ್ಕಾ. ಅದು ಯಾರಿಗೆ ಬತ್ತು?"

ಅವರು ಮುಚ್ಚಿದ ಬಾಗಿಲ ಹತ್ತಿರ ಹೋದರು.

"ಕೇಳ್ತಾ? ಆನು ಮಾತು ಕೊಟ್ಟಿದ್ದೆ. ಈಗ ಮಾಡವಾ, ಬೇಡದಾ?"

ಅಧಿಕಾರಿ ಪೆನ್ನು ಕೆಳಗಿಟ್ಟು ದವ್ಲತ್‌ನ ಮುಖ ನೋಡಿದ. ಬಸವಣ್ಣೆಪ್ಪನವರು ಮೆಲ್ಲಗೆ, "ಹೂಂ ಅನ್ರೀ ಭಟ್ರ" ಎಂದರು. ಕೊನೆಗೆ ಒಳಗಿನಿಂದ ಒಂದು ಕೆಮ್ಮು ಕೇಳಿಸಿತು.

"ಮಾಡು. ಎಲ್ಲಾ ಮಾಡು. ಎಂತದೂ ಬಿಡಡ."

ಸಾವಿತ್ರಕ್ಕ ಸೀರೆಯ ನೆರಿಗೆಯನ್ನು ಪಂಚೆಯಂತೆ ಮೇಲೆ ಸಿಕ್ಕಿಸಿ, ಗಡಿಠಾಣೆಯ ಸಿಮೆಂಟು ನೆಲದ ಮೇಲೆ ಕೂತರು. ಕೂತದ್ದು ಸಾವಿತ್ರಕ್ಕ ಅಲ್ಲ. ಭುಜ ಇಳಿಯಿತು, ಕುತ್ತಿಗೆ ಮುಂದೆ ಬಂತು, ನಲವತ್ತು ವರ್ಷದ ಸಂಸಾರ ಆ ಬೆನ್ನಿನಲ್ಲಿ ಬಾಗಿತು. ಆಚಮನ. ಪ್ರಾಣಾಯಾಮ, ಮೂಗು ಹಿಡಿದಿದ್ದಂತೆಯೇ ಆಕಳಿಕೆ. ಸೈನಿಕ ತಟ್ಟನೆ ಏನೋ ಹೇಳಿದ. ಅಧಿಕಾರಿ ಕೈಯೆತ್ತಿ ಸುಮ್ಮನಿರಿಸಿದ. ಎದ್ದು ಅರ್ಘ್ಯ ಕೊಟ್ಟರು, ಕೈ ಮೇಲೆತ್ತಿದರು. ಮತ್ತೆ ಕೂತು ಶಾಲಿನೊಳಗೆ ಕೈ ಇಟ್ಟು ಜಪ. ಎಡಗೈಯಲ್ಲಿ ಉದ್ಧರಣೆ ಹಿಡಿದು ಬೆನ್ನು ತುರಿಸಿಕೊಂಡಾಗ ಸೈನಿಕನಿಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟ. ಹೌದು, ಹೀಗೆಯೇ ಕೆರೆದುಕೊಂಡ ಎನ್ನುತ್ತಿದ್ದಾನೆ, ಎಂದ ದವ್ಲತ್.

ನಮ್ಮಲ್ಲಿ ಯಾರೂ ನಗಲಿಲ್ಲ.

ಕೊನೆಗೆ ಆ ಕಳ್ಳನೋಟ. ಸಾವಿತ್ರಕ್ಕ ಹೆಗಲ ಮೇಲಿಂದ ಹಿಂದೆ ನೋಡಿದರು. ಅಧಿಕಾರಿ ಮುಂದಕ್ಕೆ ಬಾಗಿದ.

"ಇದು ಏಕೆ ಎಂದು ಕೇಳುತ್ತಿದ್ದಾರೆ" ಎಂದ ದವ್ಲತ್.

"ಚಾ ಆತಾ ಹೇಳಿ ನೋಡೂದು" ಎಂದರು ಸಾವಿತ್ರಕ್ಕ, ಕೂತಲ್ಲಿಂದಲೇ. "ಮನೇಲಿ ಅಡುಗೆಮನೆ ಆ ಬದಿಗಿದ್ದು. ಇಲ್ಲಿ ಇಲ್ಲೆ, ಆದ್ರೂ ಕುತ್ತಿಗೆಗೆ ಗೊತ್ತಾಗವಲಿ?"

ನಾನು ಹಿಂದಿಗೆ ತಂದು, ದವ್ಲತ್ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಅಧಿಕಾರಿಯ ಮೀಸೆ ಸ್ವಲ್ಪ ಅಲುಗಿತು. ಅವನಿಗೂ ಮನೆಯಲ್ಲಿ ಒಂದು ಅಡುಗೆಮನೆ ಇದ್ದಿರಬೇಕು. ಬಾಗಿಲು ತೆಗೆಸಿದ.

ಭಟ್ಟರು ಯಾರದೋ ಸೈನ್ಯದ ಕೋಟು ಹೊದ್ದು ಹೊರಗೆ ಬಂದರು. ವಸತಿಗೆ ಮರಳುವ ದಾರಿ ಅರ್ಧ ಸವೆದಿತ್ತು.

"ಬೆನ್ನು ತುರ್ಸಿದ್ದು ಒಂದೇ ಸಲ" ಎಂದರು ಭಟ್ಟರು. "ನೀನು ಎರಡು ಸಲ ಮಾಡಿದೆ."

"ಒಳಗಿದ್ದವ್ರಿಗೆ ಹೆಂಗೆ ಕಂಡತು?"

"ಬಾಗ್ಲಲ್ಲಿ ಸಂದಿ ಇತ್ತು."

ಆಮೇಲೆ ಸಾವಿತ್ರಕ್ಕ ಒಂದೇ ಒಂದು ಪ್ರವಾಸಕ್ಕೆ ಬಂದರು. ಮರುವರ್ಷ ಪಾರ್ಶ್ವವಾಯು ಹೊಡೆದು ಮಾತು ನಿಂತಿತು, ಎಡಗೈ ಒಂದು ಉಳಿಯಿತು. ನಾನು ಹೆಗಡೆಕಟ್ಟಾಕ್ಕೆ ಹೋಗಿ ಮಂಚದ ಪಕ್ಕ ಕೂತೆ. ರೋಗಿಯನ್ನು ನೋಡಲು ಬಂದವನು ಹೇಳುವುದನ್ನೆಲ್ಲ ಹೇಳಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಮೆಲ್ಲಗೆ ಎಡಗೈ ಎತ್ತಿ, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಸರಿಸಿ, ಇಲ್ಲದ ಗಡಿಯಾರ ನೋಡಿ, ತೊಡೆ ತಟ್ಟಿದರು. ಹೊರಡುವ ಮೊದಲು ನಾನು ಮಾಡುವುದು ಅದನ್ನೇ. ಭಟ್ಟರು ನಕ್ಕರು, ನಾನೂ ನಕ್ಕೆ, ಮತ್ತು ಅದಾದ ಮೇಲೆ ಹೊರಡಲು ನಾಚಿಕೆಯಾಗಿ ಊಟದವರೆಗೆ ಕೂತೆ.

ಸಾವಿತ್ರಕ್ಕ ತೀರಿಹೋಗಿ ವರ್ಷವಾಯಿತು. ಮೊನ್ನೆ ಸಂಜೆ ಹೆಗಡೆಕಟ್ಟಾಕ್ಕೆ ಹೋಗಿದ್ದಾಗ ಭಟ್ಟರು ಜಪಕ್ಕೆ ಕೂತಿದ್ದರು. ಆಕಳಿಸಿದರು, ಬೆನ್ನು ತುರಿಸಿಕೊಂಡರು. ಸೊಸೆ ಚಾ ತಂದು ಪಕ್ಕದಲ್ಲಿಟ್ಟು ಹೋದಳು. ಅಡುಗೆಮನೆ ಕಡೆ ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ.